ಮೂರು ಸೆಕೆಂಡಿನ ಮುಖ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಲವಂಗದ ಎಣ್ಣೆಗೆ ವಾಸನೆ ಇಲ್ಲದೆ ಹೋಯಿತು.

ಸಮಯವನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ. ಕೊರೊನಾದ ಕರ್ಫ್ಯೂ ಸಡಿಲವಾದ ಆ ಬೇಸಿಗೆಯಲ್ಲಿ ಸೌದಿಯ ಅಲ್ ಖೋಬರ್‌ನ ನಮ್ಮ ಹಲ್ಲಿನ ಕ್ಲಿನಿಕ್ಕು ಗೋಡೆಯ ಗಡಿಯಾರ ನೋಡಿಕೊಂಡೇ ನಡೆಯುತ್ತಿತ್ತು. ಒಬ್ಬ ರೋಗಿ ಕುರ್ಚಿಯಿಂದ ಎದ್ದ ಮೇಲೆ ಅರ್ಧ ಗಂಟೆ ಕೋಣೆ ಖಾಲಿ ಇರಬೇಕು, ಗಾಳಿಯನ್ನು ಹೊರಗೆಳೆಯುವ ಫ್ಯಾನು ತಿರುಗುತ್ತಿರಬೇಕು, ಆಮೇಲೆ ಕುರ್ಚಿ, ದೀಪ, ಹಿಡಿಕೆ ಎಲ್ಲವನ್ನೂ ಒರೆಸಬೇಕು. ಆ ಅರ್ಧ ಗಂಟೆ ಮುಗಿಯಿತೇ ಎಂದು ತಲೆ ಎತ್ತಿದ್ದೆ. ಕೈ ಮಾತ್ರ ದೊಡ್ಡ ಬಾಟಲಿಯಿಂದ ಚಿಕ್ಕ ಬಾಟಲಿಗೆ ಲವಂಗದ ಎಣ್ಣೆ ಸುರಿಯುತ್ತಿತ್ತು. ನಾಲ್ಕು ಹನಿ ಮೇಜಿನ ಮೇಲೆ ಚೆಲ್ಲಿತು. ಬಾಗಿಲಲ್ಲಿದ್ದ ರಿಸೆಪ್ಷನ್ ಹುಡುಗಿ, ಫಿಲಿಪ್ಪೀನ್ಸಿನವಳು, ಎರಡು ಮಾಸ್ಕಿನ ಹಿಂದಿನಿಂದ, "ಅಬ್ಬ, ಇಡೀ ಕ್ಲಿನಿಕ್ಕು ಲವಂಗದಲ್ಲಿ ಸ್ನಾನ ಮಾಡಿದ ಹಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

ನನಗೆ ಏನೂ ಬರಲಿಲ್ಲ.

ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರಿಗೆ ಲವಂಗದ ವಾಸನೆ ತಮ್ಮದೇ ಮೈಯ ವಾಸನೆ ಇದ್ದ ಹಾಗೆ. ಹಲ್ಲಿನ ತೂತನ್ನು ತಾತ್ಕಾಲಿಕವಾಗಿ ಮುಚ್ಚುವ ಔಷಧವನ್ನು ಆ ಎಣ್ಣೆಯಲ್ಲೇ ಕಲಸುವುದು. ಅದು ಬಟ್ಟೆಗೆ, ಕೂದಲಿಗೆ, ಊಟದ ಡಬ್ಬಿಗೂ ಹತ್ತುತ್ತದೆ. ಸಂಜೆ ನಾನು ಮನೆಗೆ ಹೋದರೆ ನನ್ನ ಗಂಡ "ಬಿರಿಯಾನಿ ಬಂತು" ಎಂದು ಬಾಗಿಲು ತೆರೆಯುತ್ತಿದ್ದರು. ಅಂಥ ವಾಸನೆ. ಮಾಸ್ಕು ಅದನ್ನು ತಡೆಯುವುದಿಲ್ಲ.

ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಾಸ್ಕು ಕೆಳಗೆಳೆದು ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದೆ. ಅದರಲ್ಲಿ ನಲ್ಲಿ ನೀರಿದ್ದರೂ ಹಾಗೇ ಇರುತ್ತಿತ್ತು. ಮಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೂಕ್ಷ್ಮಜೀವಿಗಳನ್ನು ಓದಿದವಳು ನಾನು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಆ ಕ್ಷಣ ನನಗೆ ನನ್ನ ಚಿಂತೆ ಬರಲಿಲ್ಲ, ಮನೆಯವರ ಚಿಂತೆಯೂ ಬರಲಿಲ್ಲ. ಕಣ್ಣೆದುರು ಬಂದದ್ದು ಹಿಂದಿನ ದಿನ ಸಂಜೆ ಕುರ್ಚಿಯಲ್ಲಿ ಕೂತಿದ್ದ ಭಟ್ಕಳದ ಅಮ್ಮ.

ಅವರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಉಂಟು, ದಮ್ಮು ಉಂಟು. ದಮ್ಮಿಗೆ ಬಾಯಲ್ಲಿಟ್ಟು ಎಳೆಯುವ ಪಂಪು ಸದಾ ಕೈಚೀಲದಲ್ಲಿರುತ್ತದೆ. ಮಗನದು ಖೋಬರ್‌ನಲ್ಲಿ ಅತ್ತರಿನ ಅಂಗಡಿ. ಮನೆಯಲ್ಲಿ ನವಾಯತಿ ಮಾತಾಡುವ ಅವರು ನನ್ನೊಡನೆ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡವನ್ನು ಖುಷಿಯಿಂದ ಹೊರತೆಗೆಯುತ್ತಿದ್ದರು. ಕರ್ಫ್ಯೂ ಇದ್ದಷ್ಟು ಕಾಲ ಕೆಳದವಡೆಯ ಒಂದು ಹಲ್ಲನ್ನು ಉಪ್ಪುನೀರು ಮುಕ್ಕಳಿಸಿ, ಲವಂಗ ಕಚ್ಚಿ, ಮಾತ್ರೆ ನುಂಗಿ ಸುಧಾರಿಸಿಕೊಂಡಿದ್ದರು. ಕ್ಲಿನಿಕ್ಕು ತೆರೆದ ಮೇಲೂ ಬರಲು ಒಪ್ಪಲಿಲ್ಲ. ಹಲ್ಲಿನ ಕುರ್ಚಿಯಲ್ಲಿ ಕೂತವರಿಗೇ ಮೊದಲು ಹಿಡಿಯುವುದಂತೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ನನಗೆ ಮೂರು ಸಲ ಫೋನ್ ಮಾಡಿದ್ದರು.

"ನೀನು ಇರ್ತೀಯಾ?"

"ಇರ್ತೇನೆ ಅಮ್ಮ."

"ಎಲ್ಲ ಸ್ವಚ್ಛ ಉಂಟಾ?"

"ನಮ್ಮ ಅಡುಗೆಮನೆಗಿಂತ ಸ್ವಚ್ಛ ಉಂಟು."

"ನಿನ್ನ ಅಡುಗೆಮನೆ ನಾನು ನೋಡ್ಲಿಲ್ಲ. ಆದ್ರೂ ನೀನು ಹೇಳಿದ್ದಕ್ಕೆ ಬರ್ತೇನೆ."

ಹಾಗೆ ಬಂದರು. ಹಣೆಗೆ ಉಷ್ಣ ನೋಡುವ ಯಂತ್ರ ಹಿಡಿದೆವು, ಔಷಧದ ನೀರಿನಲ್ಲಿ ಒಂದು ನಿಮಿಷ ಬಾಯಿ ಮುಕ್ಕಳಿಸಲು ಕೊಟ್ಟೆವು, ಕುರ್ಚಿಗೆ ಒರಗಿಸಿದೆವು. ನಮ್ಮ ಡಾಕ್ಟರು ಪುತ್ತೂರಿನ ಕಡೆಯ ಹೆಂಗಸು, ಬಹಳ ಶಿಸ್ತು. ಮೂಲೆಯ ಬೇಸಿನ್ನಿನಲ್ಲಿ ಬೆನ್ನು ತಿರುಗಿಸಿ ನಿಂತು ಕೈ ತೊಳೆಯುತ್ತಿದ್ದರು. ಅಮ್ಮ ಮುಖದ ಪರದೆ ಎತ್ತಿ ಸುತ್ತ ನೋಡಿದರು. ಉದ್ದ ಗೌನು, ಟೋಪಿ, ಮಾಸ್ಕು, ಅದರ ಮೇಲೊಂದು ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ಕಿನ ಗುರಾಣಿ. ಉಸಿರಿನ ಹಬೆ ಅದರೊಳಗೇ ಕೂತು ನಮ್ಮ ಕಣ್ಣೂ ಹೊರಗೆ ಕಾಣುತ್ತಿರಲಿಲ್ಲ.

"ಇವರಲ್ಲಿ ನೀನು ಯಾರು?" ಎಂದರು.

"ನಾನೇ ಅಮ್ಮ, ಇಲ್ಲಿ."

"ದನಿ ಬಾವಿಯಿಂದ ಬಂದ ಹಾಗುಂಟು." ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು. "ನಲವತ್ತು ವರ್ಷದಿಂದ ಮುಖ ಮುಚ್ಚಿಕೊಂಡವರ ಊರಲ್ಲಿ ಇದ್ದೇನೆ ಮಗಾ. ಬರೀ ಕಣ್ಣು ನೋಡಿ ಹೇಳ್ತೇನೆ, ಯಾರು, ಯಾರ ಸೊಸೆ, ಮನೆಯಲ್ಲಿ ಜಗಳ ಮಾಡಿ ಬಂದಳಾ ಅಂತ. ನಿಮ್ಮದು ಕಣ್ಣೂ ಇಲ್ಲ. ನನ್ನ ಬಾಯಿಗೆ ಕೈ ಹಾಕುವವರು ಯಾರಂತ ಗೊತ್ತಾಗದೆ ನಾನು ಬಾಯಿ ತೆರೆಯೋದಿಲ್ಲ."

ಎದ್ದು ಹೋಗುವ ಹಾಗೆ ಕಾಲು ಕೆಳಗಿಟ್ಟರು. ಅಷ್ಟು ದಿನ ನೋವು ತಿಂದು, ನನ್ನ ಮಾತಿಗೆ ಬಂದವರು. ನಾನು ಎರಡು ಹೆಜ್ಜೆ ಹಿಂದೆ ಹೋಗಿ ಬಾಗಿಲಿಗೆ ಬೆನ್ನು ತಾಗಿಸಿ ನಿಂತೆ. ಗುರಾಣಿ ಎತ್ತಿ, ಎರಡು ಮಾಸ್ಕನ್ನೂ ಗಲ್ಲಕ್ಕೆ ಎಳೆದೆ.

ಅಮ್ಮನ ಮುಖ ಅರಳಿತು. "ಹಾಂ, ಅದೇ ಓರೆ ಹಲ್ಲು. ಹಲ್ಲಿನ ಡಾಕ್ಟ್ರ ಹತ್ರ ಇದ್ದೂ ನಿನ್ನ ಹಲ್ಲು ಸರಿ ಮಾಡಿಸ್ಲಿಲ್ಲ."

ನಾನು ನಕ್ಕೆ. ಮಾಸ್ಕು ಮೇಲಕ್ಕೆ ಹೋಯಿತು, ಗುರಾಣಿ ಇಳಿಯಿತು. ಕೈಗವಸು ಬದಲಾಯಿಸಿಕೊಂಡೆ. ಡಾಕ್ಟರು ತಿರುಗುವಷ್ಟರಲ್ಲಿ ಅಮ್ಮ ಬಾಯಿ ಅಗಲ ತೆರೆದು ಕಾಯುತ್ತಿದ್ದರು. ಆ ದಿನ ಹಲ್ಲಿನ ಬೇರು ತೊಳೆದು, ಔಷಧವಿಟ್ಟು, ಲವಂಗದ ಎಣ್ಣೆಯಲ್ಲಿ ಕಲಸಿದ ಪುಡಿಯಿಂದ ಮುಚ್ಚಿ ಕಳಿಸಿದೆವು. ಇನ್ನೊಂದು ಸಲ ಬಂದು ಕೆಲಸ ಪೂರ್ತಿ ಮಾಡಿಸಿಕೊಳ್ಳಬೇಕಿತ್ತು.

ನನ್ನ ಮುಖ ಮೂರು ಸೆಕೆಂಡು ಹೊರಗಿತ್ತು. ಆಮೇಲೆ ಎಷ್ಟು ಸಲ ಎಣಿಸಿದರೂ ಮೂರೇ ಬರುತ್ತದೆ. ಈಗಲೂ ಕೆಂಪು ದೀಪದಲ್ಲಿ ಕಾರು ನಿಂತಾಗ, ಹಾಲು ಉಕ್ಕುವುದನ್ನು ಕಾಯುವಾಗ ಎಣಿಸುತ್ತೇನೆ. ಬಾಗಿಲಿನಿಂದ ಕುರ್ಚಿಗೆ ಎಷ್ಟು ದೂರ? ಫ್ಯಾನು ಯಾವ ಕಡೆಗೆ ತಿರುಗುತ್ತಿತ್ತು? ನಕ್ಕದ್ದು ಬರೀ ತುಟಿಯಲ್ಲೋ, ಶಬ್ದ ಬಂದಿತ್ತೋ? ಶಬ್ದ ಬಂದಿತ್ತು. ಅದೊಂದು ಮಾತ್ರ ಚೆನ್ನಾಗಿ ನೆನಪಿದೆ.

ಸಾಮಾನಿನ ಕೋಣೆಯಿಂದ ಹೊರಬಂದು, ಬಾಗಿಲ ಹೊರಗಿನಿಂದಲೇ ಡಾಕ್ಟರಿಗೆ ವಾಸನೆಯ ವಿಷಯ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಅಂದಿನ ರೋಗಿಗಳಿಗೆಲ್ಲ ಬರಬೇಡಿ ಎಂದು ತಿಳಿಸಲು ರಿಸೆಪ್ಷನ್ನಿಗೆ ಹೇಳಿ, ನನ್ನನ್ನು ಕಾರು ನಿಲ್ಲಿಸುವ ಜಾಗಕ್ಕೆ ಕಳಿಸಿ, ತಾವು ನಾಲ್ಕು ಮಾರು ದೂರದಲ್ಲಿ ಬಿಸಿಲಲ್ಲಿ ನಿಂತು ಒಂದು ಫಾರ್ಮು ತುಂಬಲು ಶುರುಮಾಡಿದರು. ಹಿಂದಿನ ಎರಡು ದಿನ ನಾನು ಯಾರ ಹತ್ತಿರ ಇದ್ದೆ, ಎಷ್ಟು ಹೊತ್ತು, ಹೀಗೆ. ಕೊನೆಯ ಪ್ರಶ್ನೆ, ರೋಗಿಯ ಎದುರು ಮಾಸ್ಕು ತೆಗೆದದ್ದು ಉಂಟೇ.

"ಇದು ನಿನ್ನ ಹತ್ರ ಕೇಳುವುದೇ ಬೇಡ. ನೀನು ನಿದ್ದೆಯಲ್ಲೂ ಮಾಸ್ಕ್ ಹಾಕುವವಳು" ಎಂದು ಅವರ ಪೆನ್ನು 'ಇಲ್ಲ' ಎಂಬ ಚೌಕದ ಮೇಲೆ ಇಳಿಯುತ್ತಿತ್ತು.

ಇಳಿದುಬಿಟ್ಟಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಮಾಸ್ಕು ಹಾಕಿದ್ದರೆ ಅಪಾಯ ಕಡಿಮೆ ಎಂದು ಅಮ್ಮನಿಗೆ ಒಂದು ಸಾಮಾನ್ಯ ಸೂಚನೆ ಹೋಗುತ್ತಿತ್ತು. ಅವರು ಮೊಮ್ಮಕ್ಕಳನ್ನು ತಬ್ಬಿಕೊಂಡು ಕೂತಿರುತ್ತಿದ್ದರು, ಕೆಮ್ಮು ಬಂದರೆ ದಮ್ಮು ಎಂದುಕೊಳ್ಳುತ್ತಿದ್ದರು. ಪೆನ್ನು ಇಳಿಯುವುದನ್ನು ನೋಡುತ್ತಾ ನಿಂತೆ. ಒಂದು ಕ್ಷಣ ಸುಮ್ಮನೆಯೇ ನಿಂತಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

"ಮೇಡಂ, ತೆಗೆದಿದ್ದೆ."

"ಎಂತ?"

"ನಿನ್ನೆ. ಭಟ್ಕಳದ ಅಮ್ಮನ ಎದುರು. ನೀವು ಕೈ ತೊಳೆಯುವಾಗ."

ಅವರು ಪೆನ್ನನ್ನು ಮುಚ್ಚಿದರು, ಮತ್ತೆ ತೆರೆದರು. "ಎಂತಕ್ಕೆ ಮಾರಾಯ್ತಿ?"

ಹೇಳಿದೆ. ಅವರು ಬೈಯುತ್ತಾರೆಂದು ಕಾಯುತ್ತಿದ್ದೆ. ಬೈದರು ಕೂಡ, ಆದರೆ ಅರ್ಧಕ್ಕೇ ನಿಲ್ಲಿಸಿದರು. "ನನ್ನ ಮುಖ ನೋಡ್ಬೇಕು ಅಂತ ಯಾರೂ ಕೇಳ್ಲಿಲ್ಲ ನೋಡು" ಎಂದು ಗೊಣಗಿ, 'ಹೌದು' ಎಂಬಲ್ಲಿ ಗೆರೆ ಎಳೆದರು. "ಫೋನ್ ನಾನು ಮಾಡ್ಲಾ, ನೀನು ಮಾಡ್ತೀಯಾ?"

"ನಾನೇ ಮಾಡ್ತೇನೆ."

"ಮಾಡು. ಅವರು ಬಂದದ್ದು ನಿನ್ನ ಮಾತಿಗೆ."

ಆ ಫೋನು ನನ್ನ ಜೀವನದಲ್ಲೇ ಉದ್ದವಾದದ್ದು, ನಾಲ್ಕು ನಿಮಿಷವೂ ಇರಲಿಕ್ಕಿಲ್ಲ. ಹೇಳಿ ಮುಗಿಸಿದ ಮೇಲೆ ಆ ಕಡೆ ಮಕ್ಕಳು ಆಡುವ ಸದ್ದು ಮಾತ್ರ ಕೇಳುತ್ತಿತ್ತು. ಅಮ್ಮ ಮಕ್ಕಳಿಗೆ ನವಾಯತಿಯಲ್ಲಿ ಏನೋ ಹೇಳಿದರು, ಬಾಗಿಲು ಹಾಕಿದ ಶಬ್ದವಾಯಿತು. ಆಮೇಲೆ ನನಗೆ, "ನಿನಗೆ ಜ್ವರ ಉಂಟಾ ಮಗಾ?" ಎಂದರು.

"ಇಲ್ಲ ಅಮ್ಮ. ಅಮ್ಮ, ನೀವು..."

"ಮುಖ ತೋರಿಸು ಅಂದವಳು ನಾನು. ನೀನು ತೋರಿಸಿದೆ. ಈಗ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿ ಕೂತ್ಕೊಳ್ತೇನೆ. ಅಲ್ಲಿ ಏಸಿ ಒಳ್ಳೇದುಂಟು."

ಅಷ್ಟರಲ್ಲಿ ಮಗ ಫೋನು ತೆಗೆದುಕೊಂಡರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. "ನಿಮ್ಮನ್ನು ನಂಬಿ ಕರ್ಕೊಂಡು ಬಂದೆ. ಬೇರೆ ಎಲ್ಲಿಗೂ ಹೋಗೋದಿಲ್ಲ ಅಂತ ಹಟ ಮಾಡಿದ್ರು ತಾಯಿ. ಅವರಿಗೆ ಏನಾದ್ರೂ ಆದ್ರೆ ನಾನು ಯಾರಿಗೆ ಕೇಳ್ಲಿ?"

"ನನಗೇ ಕೇಳಿ ಭಾಯ್" ಎಂದೆ.

ಕಾರಿನಲ್ಲೇ ಕೂತು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದೆ. ಮರುದಿನ ಫಲಿತಾಂಶ ಬಂತು, ಸೋಂಕು ಇತ್ತು. ಎಲ್ಲಿಂದ ಬಂತು ಎಂಬುದು ಇಂದಿಗೂ ಗೊತ್ತಿಲ್ಲ. ಡಾಕ್ಟರಿಗೆ, ರಿಸೆಪ್ಷನ್ ಹುಡುಗಿಗೆ, ಆ ದಿನಗಳ ಉಳಿದ ರೋಗಿಗಳಿಗೆ ಏನೂ ಇರಲಿಲ್ಲ. ಅವರೆದುರು ಮಾಸ್ಕು ಒಮ್ಮೆಯೂ ಇಳಿದಿರಲಿಲ್ಲ. ನಿಯಮ ಎಲ್ಲೆಲ್ಲಿ ಪಾಲಿಸಿದ್ದೆವೋ ಅಲ್ಲೆಲ್ಲ ಅದು ಕೆಲಸ ಮಾಡಿತ್ತು. ಅದರಿಂದ ನನಗೆ ಸಮಾಧಾನವಾಗುವ ಬದಲು ಆ ಮೂರು ಸೆಕೆಂಡು ಇನ್ನಷ್ಟು ಉದ್ದವಾಯಿತು.

ನಾನು ಮಲಗುವ ಕೋಣೆಗೆ ಸೇರಿದೆ, ನನ್ನ ಗಂಡ ಹಾಲ್‌ಗೆ. ಅವರು ದಮ್ಮಾಮ್‌ನ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವರು. ಆ ದಿನಗಳಲ್ಲಿ ಮನೆಯಿಂದಲೇ ಕೆಲಸ. ಅಡುಗೆ ಅವರ ಪಾಲಿಗೆ ಬಂತು. ಗಂಜಿ, ಸಾರು, ಮತ್ತೆ ಗಂಜಿ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ತಟ್ಟೆ ಇಟ್ಟು, ಬಾಗಿಲು ತಟ್ಟಿ ಓಡುತ್ತಿದ್ದರು. "ಹೇಗುಂಟು?" ಎಂದು ದೂರದಿಂದ ಕೇಳುತ್ತಿದ್ದರು. ನನಗೆ ರುಚಿಯೂ ಹೋಗಿತ್ತು. "ಒಳ್ಳೆದುಂಟು" ಎನ್ನುತ್ತಿದ್ದೆ. "ಹದಿನಾಲ್ಕು ವರ್ಷದಲ್ಲಿ ಈಗ ಒಂದು ಸಲ ನಾನು ಮಾಡಿದ್ದನ್ನು ಒಳ್ಳೆದುಂಟು ಅಂದಿ. ಅದೂ ನಾಲಿಗೆ ಹಾಳಾದ ಮೇಲೆ" ಎಂದು ಅವರು ಆ ಕಡೆಯಿಂದ ಹೇಳುತ್ತಿದ್ದರು.

ನಗುತ್ತಿದ್ದೆ. ಹಗಲಿನಲ್ಲಿ ನಗುವುದು ಸುಲಭವಿತ್ತು. ನಿದ್ದೆ ಮಾತ್ರ ಎರಡು ಗಂಟೆಗಿಂತ ಹೆಚ್ಚು ಬರುತ್ತಿರಲಿಲ್ಲ. ಎಚ್ಚರವಾದಾಗಲೆಲ್ಲ ಮನಸ್ಸಿನಲ್ಲಿ ಮತ್ತೆ ಕ್ಲಿನಿಕ್ಕಿನ ಬಾಗಿಲಿಗೆ ಬೆನ್ನು ತಾಗಿಸಿ ನಿಂತಿರುತ್ತಿದ್ದೆ, ಬಾಯಿ ನಗುತ್ತಿರುತ್ತಿತ್ತು.

ಮೂರನೆಯ ದಿನ ಸಂಜೆ, ಅಸರ್ ನಮಾಜು ಮುಗಿಯುವ ಹೊತ್ತಿಗೆ, ಫೋನು ಬಂತು. ಭಟ್ಕಳದ ಅಮ್ಮ.

"ಮೂಗು ಬಂತಾ?"

"ಇಲ್ಲ ಅಮ್ಮ. ನಿಮಗೆ ಹೇಗುಂಟು? ಕೆಮ್ಮು ಉಂಟಾ? ಉಸಿರು?"

"ಅಲ್ಹಮ್ದುಲಿಲ್ಲಾ, ನಾನು ಇಲ್ಲಿ ರಾಣಿ. ಊಟ ಬಾಗಿಲಿಗೆ ಬರ್ತದೆ, ಸೊಸೆ ಹತ್ರ ಮಾತಿಲ್ಲ, ಕೆಲಸ ಇಲ್ಲ. ನಿನ್ನ ಮೂಗಿಗೆ ಮದ್ದು ಕಳಿಸ್ತೇನೆ."

ಮರುದಿನ ಅವರ ಮಗ ನಮ್ಮ ಮನೆಯ ಬಾಗಿಲಿಗೆ ಒಂದು ಚೀಲ ತೂಗುಹಾಕಿ, ಗಂಟೆ ಒತ್ತಿ, ಲಿಫ್ಟಿನ ಹತ್ತಿರ ಹೋಗಿ ನಿಂತರಂತೆ. ನನ್ನ ಗಂಡ ಬಾಗಿಲು ತೆರೆದಾಗ, "ತಾಯಿ ಕಳಿಸಿದ್ದು" ಎಂದಷ್ಟೇ ಹೇಳಿ ಹೋದರು. ಮುಖ ಗಂಟು ಹಾಕಿಕೊಂಡೇ ಇತ್ತಂತೆ. ಚೀಲದಲ್ಲಿ ಅಂಗಡಿಯ ಮೂರು ಪುಟ್ಟ ಅತ್ತರಿನ ಕುಪ್ಪಿಗಳು. ಗುಲಾಬಿ, ಊದ್, ಮಲ್ಲಿಗೆ ಎಂದು ಮೂಸಿ ಹೇಳಿದ್ದು ನನ್ನ ಗಂಡ. ಹೆಸರಿನ ಚೀಟಿ ಇರಲಿಲ್ಲ, ಒಂದು, ಎರಡು, ಮೂರು ಎಂದು ಅಂಕಿ ಮಾತ್ರ ಬರೆದಿತ್ತು. ನನ್ನ ಗಂಡ ಅವನ್ನು ಸ್ಯಾನಿಟೈಸರಿನಲ್ಲಿ ಎಷ್ಟು ತಿಕ್ಕಿ ತೊಳೆದರೆಂದರೆ ಅಂಕಿಗಳೂ ಅರ್ಧ ಅಳಿಸಿದವು.

ದಿನಾ ಅಸರ್ ಆದ ಮೇಲೆ ಪರೀಕ್ಷೆ. ಅಮ್ಮ ಆ ಕಡೆಯಿಂದ, "ಒಂದನೇದು ಮೂಸು. ಎಂತ?" ಎನ್ನುವುದು, ನಾನು ಮೂಸಿ, "ಎಂತ ಇಲ್ಲ" ಎನ್ನುವುದು. "ಎರಡನೇದು?" "ಇಲ್ಲ." "ಕಣ್ಣು ಮುಚ್ಚಿ ಮೂಸು. ಮದುವೆಮನೆ ನೆನಪು ಮಾಡು." ಮದುವೆಮನೆ ಬರುತ್ತಿತ್ತು, ವಾಸನೆ ಬರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ನನ್ನ ಸರದಿ. ಜ್ವರ ಉಂಟಾ, ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬರುತ್ತದಾ, ಬೆರಳಿಗೆ ಹಾಕುವ ಯಂತ್ರ ಏನು ತೋರಿಸುತ್ತದೆ. ಅವರು ಹೇಳುತ್ತಿದ್ದ ಅಂಕಿ ಕೇಳಿದ ಮೇಲೆ ನನಗೆ ಗಂಜಿ ಇಳಿಯುತ್ತಿತ್ತು.

ಆರನೆಯ ದಿನ ಮಾತಿನ ನಡುವೆ ಅವರಿಗೆ ಕೆಮ್ಮು ಬಂತು. ಸಣ್ಣ ಕೆಮ್ಮಲ್ಲ, ನಿಲ್ಲಲಿಲ್ಲ. ಹಾಸಿಗೆಯ ಮೇಲೆ ಕೂತಿದ್ದವಳು ಎದ್ದು ನಿಂತೆ. "ಅಮ್ಮ, ಪಂಪು ತಕ್ಕೊಳ್ಳಿ. ಅಮ್ಮ?" ಇನ್ನೊಂದು ಫೋನಿನಿಂದ ಅವರ ಮಗನಿಗೆ ಮಾಡಿದೆ. ಅವರು ಮೆಟ್ಟಿಲು ಹತ್ತಿ ಓಡುವ ಸದ್ದು, ಬಾಗಿಲು ಬಡಿಯುವ ಸದ್ದು ಒಂದು ಕಿವಿಯಲ್ಲಿ, ಅಮ್ಮನ ಕೆಮ್ಮು ಇನ್ನೊಂದು ಕಿವಿಯಲ್ಲಿ. ಆ ಅರ್ಧ ನಿಮಿಷ ನಾನು ಏನೇನು ಹರಕೆ ಹೊತ್ತೆನೋ ಲೆಕ್ಕವಿಲ್ಲ, ಪೊಳಲಿ ದೇವಿಗೂ ಹೊತ್ತೆ, ಉಳ್ಳಾಲದ ದರ್ಗಾಕ್ಕೂ ಹೊತ್ತೆ.

ಕೆಮ್ಮು ನಿಂತಿತು. ಮಗನ ದನಿ ಮೇಲೇರಿತು, ನವಾಯತಿಯಲ್ಲಿ. ಆಮೇಲೆ ಅವರು ನನ್ನ ಫೋನಿಗೆ ಬಂದು, "ಖರ್ಜೂರ" ಎಂದರು.

"ಎಂತ?"

"ಖರ್ಜೂರ ಗಂಟಲಲ್ಲಿ ಸಿಕ್ಕಿದ್ದು. ಸಕ್ಕರೆ ಕಾಯಿಲೆಯವರು. ಮಂಚದ ಕೆಳಗೆ ಒಂದು ಡಬ್ಬಿ ಇಟ್ಕೊಂಡಿದ್ದಾರೆ. ಯಾರೂ ಒಳಗೆ ಬರೋದಿಲ್ಲ ಅಲ್ವಾ, ಆರು ದಿನದಿಂದ ಈದ್ ಹಬ್ಬ ನಡೀತಾ ಉಂಟು ಇಲ್ಲಿ."

ಹಿಂದಿನಿಂದ ಅಮ್ಮ, "ಅವಳ ಹತ್ರ ಎಂತಕ್ಕೆ ಹೇಳ್ತೀಯಾ?" ಎನ್ನುವುದು ಕೇಳಿತು. ಮಗ ನಕ್ಕರು. ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನೂ ನಕ್ಕೆ. ನೆಲದ ಮೇಲೇ ಕೂತುಕೊಂಡೆ.

ಅದಾದ ಮರುದಿನ ಅಮ್ಮನಿಗೂ ಕಾರಿನಲ್ಲೇ ಪರೀಕ್ಷೆಯಾಯಿತು. ಫಲಿತಾಂಶ ಬರಲು ಒಂದು ದಿನ. ಆ ದಿನ ಸಂಜೆಯ ಹೊತ್ತಿಗೆ ಫೋನು ಬಂದಾಗ ಅವರ ದನಿ ಸ್ವಲ್ಪ ಸಪ್ಪೆಯಾಗಿತ್ತು. ಕಾದು ಕಾದು ಅವರಿಗೂ ಹೆದರಿಕೆಯಾಗಿರಬೇಕು. ಅವರನ್ನು ಖುಷಿಪಡಿಸಬೇಕೆಂದು ನನಗೆ ತೋರಿತು. ಆ ಬೆಳಿಗ್ಗೆ ಅವರ ಮಗ ಹೊಸ ಮೂರು ಕುಪ್ಪಿ ತಂದಿಟ್ಟು ಹೋಗಿದ್ದರು, ಹಳೆಯದು ಆರಿಹೋಗಿರಬಹುದು ಎಂದು.

"ಒಂದನೇದು?"

"ಇಲ್ಲ ಅಮ್ಮ."

"ಎರಡನೇದು?"

"ಇಲ್ಲ."

"ಮೂರನೇದು?"

"ಬಂತು ಅಮ್ಮ" ಎಂದೆ. "ಸಣ್ಣಕೆ. ಮಲ್ಲಿಗೆ."

ಅಮ್ಮ ನಿಧಾನವಾಗಿ, "ಮೂರನೇದರಲ್ಲಿ ನೀರುಂಟು ಮಗಾ" ಎಂದರು.

ನಾನು ಆ ಕುಪ್ಪಿಯನ್ನು ಹಿಡಿದುಕೊಂಡು ನಿಂತೇ ಇದ್ದೆ.

"ನೀನು ಹೀಗೆ ಮಾಡ್ತೀ ಅಂತ ಗೊತ್ತಿತ್ತು. ನನ್ನ ಮಗನ ಹತ್ರ ಹೇಳಿ ನೀರು ತುಂಬಿಸಿದೆ. ಅವನು ಇಲ್ಲ ಅಂದ, ಅವಳು ಸುಳ್ಳು ಹೇಳುವವಳಲ್ಲ, ಹೇಳುವುದಾದ್ರೆ ಅವತ್ತು ಮಾಸ್ಕಿನ ವಿಷಯದಲ್ಲೇ ಹೇಳ್ತಿದ್ಳು ಅಂದ. ಈಗ ಅವನ ಎದುರು ನನ್ನ ಮರ್ಯಾದೆ ಉಳಿಯಿತು, ನಿನ್ನದು ಹೋಯಿತು." ಅವರು ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, "ದೊಡ್ಡ ಸತ್ಯ ಹೇಳಿದವಳು ಸಣ್ಣ ಸುಳ್ಳು ಹೇಳ್ಬಾರ್ದು. ನಾಳೆ ಬರದಿದ್ರೆ ಬರ್ಲಿಲ್ಲ ಅಂತಲೇ ಹೇಳು" ಎಂದರು.

ನಾನು ಅಳುವುದನ್ನು ಅವರು ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ. ಆ ಮಗ, ನನ್ನನ್ನು ಎಂದೂ ಕ್ಷಮಿಸಲಾರರು ಎಂದುಕೊಂಡಿದ್ದವರು, ನನ್ನ ಪರವಾಗಿ ತಾಯಿಯೊಡನೆ ವಾದಿಸಿದ್ದರು. ನೀರಿನ ಕುಪ್ಪಿ ಇನ್ನೂ ನನ್ನ ಹತ್ತಿರ ಇದೆ.

ಮರುದಿನ ಮಧ್ಯಾಹ್ನ ಫಲಿತಾಂಶ ಬಂತು. ಅಮ್ಮನಿಗೆ ಸೋಂಕು ಇಲ್ಲ. ಮಗ ಅದನ್ನು ನನಗೆ ಕಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದರು: "ಖರ್ಜೂರದ ಡಬ್ಬಿ ಜಪ್ತಿ ಮಾಡಿದ್ದೇವೆ." ನನ್ನ ಗಂಡ ಹಾಲ್‌ನಲ್ಲಿ ಒಬ್ಬರೇ ಚಪ್ಪಾಳೆ ತಟ್ಟಿದರು. ಅಂದು ಗಂಜಿಯ ಬದಲು ಪಾಯಸ ಮಾಡಿದರು. ಅದರಲ್ಲಿ ಬೆಲ್ಲ ಹಾಕಲು ಮರೆತಿದ್ದರೆಂದು ಎಷ್ಟೋ ದಿನ ಕಳೆದ ಮೇಲೆ ಒಪ್ಪಿಕೊಂಡರು. ಆದರೂ ಹದಿನಾಲ್ಕು ದಿನ ಕಾಯಲೇಬೇಕಿತ್ತು, ನಾನು ಎಚ್ಚರವಾಗಿಯೇ ಕಾದೆ.

ಮೂಗು ಬಂದದ್ದು ಹನ್ನೆರಡನೆಯ ದಿನ. ನಮ್ಮ ಕೆಳಗಿನ ಮನೆಯವರು ಕಾರವಾರದವರು. ಬೆಳಿಗ್ಗೆ ಹತ್ತರ ಸುಮಾರಿಗೆ ಏನೋ ಒಂದು ಮೂಗಿನ ತುದಿಗೆ ಬಂದು ಕೂತಿತು. ಒಣಮೀನು. ಕೆಳಗೆ ಒಣಮೀನು ಸುಡುತ್ತಿದ್ದರು. ಕಿಟಕಿಗೆ ಮುಖವಿಟ್ಟು ಅದನ್ನು ಎಷ್ಟು ಎಳೆದುಕೊಂಡೆನೆಂದರೆ ತಲೆ ತಿರುಗಿತು. ಸಂಜೆ ಅಮ್ಮನಿಗೆ ಹೇಳಿದೆ, ಈ ಸಲ ಸುಳ್ಳಲ್ಲ ಎಂದು ಗಂಡನನ್ನೂ ಸಾಕ್ಷಿಗೆ ಕರೆದೆ.

"ನನ್ನ ಮಗನ ಅಂಗಡಿಯ ಊದ್ ಬಿಟ್ಟು, ಗುಲಾಬಿ ಬಿಟ್ಟು, ನಿನಗೆ ಒಣಮೀನು ಬಂತಾ" ಎಂದರು ಅಮ್ಮ. "ಕರಾವಳಿಯ ಮೂಗು. ಅದಕ್ಕೆ ಎಂತ ಹೇಳೋದು."

ಕೆಲಸಕ್ಕೆ ಮರಳಿದಾಗ ಡಾಕ್ಟರು ಒಂದು ಹೊಸ ಏರ್ಪಾಟು ಮಾಡಿದ್ದರು. ಪ್ರತಿಯೊಬ್ಬರ ಗೌನಿನ ಎದೆಗೆ ಅವರವರ ದೊಡ್ಡ ಫೋಟೋ. ನನ್ನದು ಇಕಾಮಾದ, ಅಂದರೆ ಸೌದಿಯ ವಾಸದ ಪರವಾನಗಿಯ ಫೋಟೋ, ಅದರಲ್ಲಿ ನಾನು ಏನೋ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ. ಮೊದಲ ದಿನವೇ ಒಬ್ಬ ಸೌದಿ ಅಜ್ಜ ಅದನ್ನು ನೋಡಿ, ನಂತರ ನನ್ನನ್ನು ನೋಡಿ, ಬಾಯಿ ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ನಾನು ಡಾಕ್ಟರಿಗೆ ಅಮ್ಮನ ಮಾತು ನೆನಪಿಸಿದೆ. ಬಾಯಿ ತೆರೆಯುವವರಿಗೆ ಬೇಕಾಗಿರುವುದು ಫೋಟೋ ಅಲ್ಲ, ಆಗ ಅಲ್ಲಿರುವ ಮುಖ. ಚಿಕಿತ್ಸೆಯ ಕೋಣೆಗೆ ಗಾಜಿನ ಬಾಗಿಲಿತ್ತು, ಅದಕ್ಕೆ ನಾವೇ ಬಿಳಿ ಕಾಗದ ಅಂಟಿಸಿದ್ದೆವು. ಡಾಕ್ಟರು ಕಾಗದವನ್ನು ಒಂದು ಮೊಳ ಕಿತ್ತರು. ರೋಗಿ ಒಳಗೆ ಒಬ್ಬರೇ ಕೂತ ಮೇಲೆ, ನಾವು ಗಾಜಿನ ಹೊರಗೆ ಒಬ್ಬೊಬ್ಬರಾಗಿ ನಿಂತು ಮುಖ ತೋರಿಸುವುದು. ನಮಸ್ಕಾರವೋ ಸಲಾಮೋ ಹೇಳುವುದು. ಆಮೇಲೆ ಮಾಸ್ಕು ಹಾಕಿ, ಕೈ ತೊಳೆದು, ಗುರಾಣಿ ಇಳಿಸಿ ಒಳಗೆ ಹೋಗುವುದು. ಮೊದಮೊದಲು ನಾಟಕದ ಹಾಗೆ ಅನ್ನಿಸುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮಕ್ಕಳು ಒಳಗಿನಿಂದ ಮುಖ ಸೊಟ್ಟ ಮಾಡಿ ತೋರಿಸಲು ಶುರುಮಾಡಿದವು, ಡಾಕ್ಟರೂ ಸೊಟ್ಟ ಮಾಡಿ ತೋರಿಸಿದರು. ಬಹಳ ಶಿಸ್ತಿನವರು ಎಂದೆನಲ್ಲ, ಅವರೇ.

ಭಟ್ಕಳದ ಅಮ್ಮನ ಹದಿನಾಲ್ಕು ದಿನ ಮುಗಿದು ಇನ್ನೂ ಒಂದು ವಾರವಾಗಿತ್ತು. ಹಲ್ಲಿಗೆ ಇಟ್ಟ ತಾತ್ಕಾಲಿಕ ಮುಚ್ಚಳ ಹೆಚ್ಚು ದಿನ ನಿಲ್ಲುವುದಿಲ್ಲ. ಬನ್ನಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಮೊದಲ ಸಲ ಕರೆದವಳು ನಾನೇ. ಬೇರೆ ಕ್ಲಿನಿಕ್ಕಿಗೆ ಹೋದರೂ ಸರಿ, ನನ್ನದೇನೂ ಇಲ್ಲ ಎಂದು ಮಗನಿಗೆ ಸಂದೇಶ ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ. ಉತ್ತರ ಬಂದದ್ದು ರಿಸೆಪ್ಷನ್ನಿಗೆ. ಬುಧವಾರ ನಾಲ್ಕು ಗಂಟೆಗೆ ಸಮಯ ತೆಗೆದುಕೊಂಡಿದ್ದರು.

ಬುಧವಾರ ಅವರು ಬಂದು ಕುರ್ಚಿಯಲ್ಲಿ ಕೂತರು. ನಾನು ಗಾಜಿನ ಹೊರಗೆ ನಿಂತೆ. ಮಾಸ್ಕಿನ ದಾರಕ್ಕೆ ಕೈ ಹೋಯಿತು, ಅಲ್ಲೇ ನಿಂತಿತು. ನಡುವೆ ದಪ್ಪ ಗಾಜಿದೆ, ಬಾಗಿಲು ಮುಚ್ಚಿದೆ, ನನಗೆ ಸೋಂಕು ಹೋಗಿ ದಿನಗಳಾಗಿವೆ. ಎಲ್ಲ ಗೊತ್ತಿದ್ದೂ ಕೈ ಏಳಲಿಲ್ಲ. ಒಳಗೆ ಅಮ್ಮ ಮುಖದ ಪರದೆ ಎತ್ತಿದರು. ನನ್ನನ್ನೇ ನೋಡುತ್ತಾ ತೋರುಬೆರಳಿನಿಂದ ತಮ್ಮ ಮುಂದಿನ ಹಲ್ಲನ್ನು ಎರಡು ಸಲ ತಟ್ಟಿ ತೋರಿಸಿದರು. ಓರೆ ಹಲ್ಲು ಎಲ್ಲಿ ಎಂದು.

ಮಾಸ್ಕು ತೆಗೆದೆ. ನಕ್ಕೆ. ಈ ಸಲ ಎಣಿಸಲಿಲ್ಲ.

ಒಳಗೆ ಹೋದ ಮೇಲೆ ಅವರು, "ಹೌದು, ನೀನೇ. ಇನ್ನು ತಡ ಮಾಡ್ಬೇಡಿ, ಯಲ್ಲಾ" ಎಂದು, ಡಾಕ್ಟರು ಕೂರುವ ಮೊದಲೇ ಬಾಯಿ ತೆರೆದರು. ಒಂದು ಗಂಟೆಯ ಕೆಲಸ. ಹಳೆಯ ಮುಚ್ಚಳ ತೆಗೆದಾಗ ಲವಂಗದ ವಾಸನೆ ಎದ್ದಿತು, ಎರಡು ಮಾಸ್ಕಿನ ಒಳಗೂ ಬಂತು. ಡಾಕ್ಟರಿಗೆ ಉಪಕರಣ ಕೊಡುತ್ತಾ, ನೀರು ಎಳೆಯುತ್ತಾ ನಾನು ಅದನ್ನು ಕುಡಿಯುತ್ತಲೇ ಇದ್ದೆ. ಹೋಗುವಾಗ ಮಗ ದೂರದಿಂದ ಕೈ ಎತ್ತಿ, "ಹಲ್ಲು ಮುಗೀತು. ಆದ್ರೆ ಅಸರಿನ ಫೋನು ನಿಲ್ಲಿಸೋದಿಲ್ಲ ಅಂತೆ, ನೀವೇ ಅನುಭವಿಸಿ" ಎಂದರು.

ಆ ಸಂಜೆ ಮನೆಗೆ ಹೋದಾಗ ನನ್ನ ಗಂಡ ಬಾಗಿಲು ತೆರೆದು, "ಬಿರಿಯಾನಿ ಬಂತು" ಎಂದರು. ಊಟ ಮಾಡಿ, ಸ್ವಲ್ಪ ಒರಗುತ್ತೇನೆ ಎಂದು ಮಲಗಿದೆ.

ಎದ್ದಾಗ ಕಿಟಕಿಯ ಪರದೆಯಂಚಿನಲ್ಲಿ ಬಿಸಿಲು ಬಿಳಿಯಾಗಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಗುರುವಾರ ಬೆಳಿಗ್ಗೆ ಏಳೂವರೆ. ನಡುವೆ ಒಮ್ಮೆಯೂ ಎಚ್ಚರವಾಗಿರಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು, ಅಮ್ಮ.

"ರಾತ್ರಿ ಎರಡು ಸಲ ಮಾಡಿದೆ. ಹಲ್ಲು ನೋಯ್ಲಿಲ್ಲ ಅಂತ ಹೇಳ್ಲಿಕ್ಕೆ. ಎಂತಕ್ಕೆ ಎತ್ತಲಿಲ್ಲ?"

"ಮಲಗಿದ್ದೆ ಅಮ್ಮ."

"ಎಷ್ಟು ಹೊತ್ತಿನಿಂದ?"

"ಒಂಬತ್ತರಿಂದ."

ಅವರು ಆ ಕಡೆ ಬೆರಳು ಮಡಚಿ ಎಣಿಸುತ್ತಿದ್ದಿರಬೇಕು. "ಇದು ಸುಳ್ಳಲ್ಲ ತಾನೇ?" ಎಂದು ಕೇಳಿದರು.

"ಅಲ್ಲ ಅಮ್ಮ" ಎಂದೆ.